ಕೀಟನಾಶಕ ಹೋಯಿತು ಸರಿ, ನೀರಿನ ವಿಷ ಹೋಯಿತಾ?

ಕೀಟನಾಶಕ ಬೆರೆತ ನೀರನ್ನು ಶುದ್ಧ ಮಾಡುವವರು ಹೆಚ್ಚಾಗಿ ಎಡವುವುದು ಕೊನೆಯ ಹಂತದಲ್ಲಿ. ಲ್ಯಾಬ್ ವರದಿಯಲ್ಲಿ ಔಷಧಿಯ ಹೆಸರಿನ ಎದುರು ‘ಪತ್ತೆಯಾಗಿಲ್ಲ’ ಎಂದಿದ್ದರೆ ಸಾಕು, ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಳ್ಳುತ್ತಾರೆ. ಆದರೆ ಆ ಔಷಧಿ ಒಡೆದು ಇನ್ನೊಂದು ರಾಸಾಯನಿಕವಾಗಿರಬಹುದು. ಅದು ಮೊದಲಿನದಕ್ಕಿಂತ ಕೆಟ್ಟದ್ದೂ ಆಗಿರಬಹುದು. ಹಾಗಾಗಿ ಔಷಧಿ ತೆಗೆಯುವುದು ಒಂದು ಕೆಲಸ, ಉಳಿದ ನೀರು ಜೀವಿಗಳಿಗೆ ಏನು ಮಾಡುತ್ತದೆ ಎಂದು ನೋಡುವುದು ಇನ್ನೊಂದು. ಎರಡೂ ಆಗಲೇಬೇಕು.

ಈ ವಿಧಾನ ಕಾಲೇಜಿನ ಪ್ರಯೋಗಾಲಯಗಳಿಗೆ, ಸಣ್ಣ ಶುದ್ಧೀಕರಣ ಘಟಕ ನಡೆಸುವವರಿಗೆ. ಕುಡಿಯುವ ನೀರಿನ ಮೇಲೇ ಅನುಮಾನ ಇದ್ದರೆ ಪ್ರಯೋಗಕ್ಕೆ ಇಳಿಯಬೇಡಿ. ಮೊದಲು ಬೇರೆ ನೀರು ಬಳಸಿ.

1. ಯಾವ ಔಷಧಿ ಎಂದು ತಿಳಿಯಿರಿ

ಹೆಸರು ಗೊತ್ತಿಲ್ಲದೆ ಫಿಲ್ಟರ್ ಕೊಳ್ಳುವುದು ದುಡ್ಡು ದಂಡ. ಅಟ್ರಜಿನ್ (ಕಳೆನಾಶಕ), ಕ್ಲೋರ್‌ಪೈರಿಫಾಸ್‌ (ಕೀಟನಾಶಕ) ಇಂಥವು ಆಕ್ಟಿವೇಟೆಡ್ ಕಾರ್ಬನ್‌ಗೆ, ಅಂದರೆ ತುಂಬ ಸಣ್ಣ ರಂಧ್ರಗಳಿರುವ ವಿಶೇಷ ಇದ್ದಿಲಿಗೆ, ಚೆನ್ನಾಗಿ ಅಂಟಿಕೊಳ್ಳುತ್ತವೆ. ನೀರಿನಲ್ಲಿ ತುಂಬ ಸುಲಭವಾಗಿ ಕರಗುವ ಗ್ಲೈಫೋಸೇಟ್ ಎಂಬ ಕಳೆನಾಶಕ ಅಷ್ಟಾಗಿ ಅಂಟುವುದಿಲ್ಲ. ಸ್ಯಾಂಪಲ್ಲನ್ನು ಕಂದು ಬಣ್ಣದ ಗಾಜಿನ ಬಾಟಲಿಯಲ್ಲಿ ತುಂಬಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು ಲ್ಯಾಬ್‌ಗೆ ಕಳಿಸಿ. ಗ್ಲೈಫೋಸೇಟ್ ಹುಡುಕುವಂತೆ ಬೇರೆಯಾಗಿ ಹೇಳಿ, ಅದು ಸಾಮಾನ್ಯ ಪರೀಕ್ಷೆಯ ಪಟ್ಟಿಯಲ್ಲಿ ಹಲವು ಸಲ ಇರುವುದೇ ಇಲ್ಲ. ಅದಕ್ಕೆ ಲ್ಯಾಬ್‌ನವರು ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿ ಕೇಳಿದರೆ ಅದನ್ನೇ ಕೊಡಿ.

ಟಿಡಿಎಸ್ ಮೀಟರ್ ಅದ್ದಿ ತೋರಿಸಿ ‘ನೀರು ಶುದ್ಧವಾಗಿದೆ’ ಎನ್ನುವವರನ್ನು ನಂಬಬೇಡಿ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನು, ಅಂದರೆ ಉಪ್ಪಿನ ಅಂಶವನ್ನು. ಅದರ ಲೆಕ್ಕ ಲೀಟರಿಗೆ ಮಿಲಿಗ್ರಾಂಗಳಲ್ಲಿ. ಯುರೋಪಿಯನ್ ಒಕ್ಕೂಟ ಕುಡಿಯುವ ನೀರಿನಲ್ಲಿ ಒಂದು ಕೀಟನಾಶಕಕ್ಕೆ ಇಟ್ಟಿರುವ ಮಿತಿ ಲೀಟರಿಗೆ 0.1 ಮೈಕ್ರೊಗ್ರಾಂ. ಮೀಟರ್ ತೋರಿಸುವ ಒಂದು ಅಂಕೆಯ 10,000ದಲ್ಲಿ ಒಂದು ಪಾಲು ಅದು. ಅದು ಮೀಟರಿಗೆ ಕಾಣುವುದಾದರೂ ಹೇಗೆ?

2. ಕುದಿಸಬೇಡಿ, ಕ್ಲೋರಿನ್ ಹಾಕಬೇಡಿ

ಕುದಿಸಿದರೆ ಕ್ರಿಮಿ ಸಾಯುತ್ತವೆ. ಹೆಚ್ಚಿನ ಕೀಟನಾಶಕಗಳು ಹಾಗೇ ಉಳಿಯುತ್ತವೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಸಾಂದ್ರತೆ ಏರುತ್ತದೆ.

ಕ್ಲೋರಿನ್ ಇನ್ನೂ ಅಪಾಯ. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ಜಾತಿಯ ಔಷಧಿಗಳನ್ನು ಅದು ‘ಆಕ್ಸಾನ್’ ರೂಪಕ್ಕೆ ತಿರುಗಿಸುತ್ತದೆ. ನರಗಳ ಕಿಣ್ವವನ್ನು ಹಿಡಿದು ನಿಲ್ಲಿಸುವುದು ಈ ಆಕ್ಸಾನೇ. ವರದಿಯಲ್ಲಿ ಕ್ಲೋರ್‌ಪೈರಿಫಾಸ್ ಸೊನ್ನೆ ಅಂತ ಬರುತ್ತದೆ, ನೀರಿನ ವಿಷ ಮಾತ್ರ ಜಾಸ್ತಿಯಾಗಿರುತ್ತದೆ. ರೋಗಾಣು ಕೊಲ್ಲಲು ಕ್ಲೋರಿನ್ ಬೇಕೇ ಬೇಕು ಎಂದಾದರೆ ಕಾರ್ಬನ್ ಆದ ಮೇಲೆ ಹಾಕಿ.

ಓಝೋನ್, ಫೆಂಟನ್ (ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ವಿಧಾನ), ಯುವಿ (ಅತಿನೇರಳೆ) ಬೆಳಕಿನ ಜೊತೆ ಹೈಡ್ರೋಜನ್ ಪೆರಾಕ್ಸೈಡ್ — ಇವೆಲ್ಲ ಔಷಧಿಯನ್ನು ಒಡೆಯುವ ದಾರಿಗಳು. ಚೆನ್ನಾಗಿಯೇ ಒಡೆಯುತ್ತವೆ, ಆದರೆ ಅರ್ಧಕ್ಕೆ ನಿಂತರೆ ಚೂರುಗಳು ನೀರಿನಲ್ಲೇ ಉಳಿಯುತ್ತವೆ. ಮೊದಲ ಸಲ ಮಾಡುವವರು ಕಾರ್ಬನ್ ಹಿಡಿಯಿರಿ. ಒಡೆಯುವ ವಿಧಾನ ಬಳಸಿದರೂ ಅದರ ನಂತರ ಕಾರ್ಬನ್ ಇಡದೆ ಬಿಡಬೇಡಿ.

3. ಕೆಸರು ತೆಗೆಯಿರಿ

ತಂಗಲು ಬಿಟ್ಟು, ಮರಳಿನಲ್ಲಿ ಸೋಸಿ. ಕೊಳೆತ ಎಲೆ, ಗೊಬ್ಬರದ ಬಣ್ಣ ಉಳಿದ ನೀರು ಕಾರ್ಬನ್‌ನ ಜಾಗವನ್ನು ತಾನೇ ತುಂಬಿಬಿಡುತ್ತದೆ.

4. ಕಾರ್ಬನ್ ಕಾಲಂ

ಒಲೆಯ ಇದ್ದಿಲು ಆಕ್ಟಿವೇಟೆಡ್ ಕಾರ್ಬನ್ ಅಲ್ಲ. ಒಂದು ಗ್ರಾಂ ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್‌ನ ಒಳಮೈ 500ರಿಂದ 1,500 ಚದರ ಮೀಟರ್ ಇರುತ್ತದೆ. ಔಷಧಿ ಅಂಟುವುದು ಆ ಸಣ್ಣ ರಂಧ್ರಗಳ ಗೋಡೆಗೆ. ಚೀಲದ ಮೇಲೆ ಅಯೋಡಿನ್ ನಂಬರ್ (ಒಂದು ಗ್ರಾಂ ಕಾರ್ಬನ್ ಎಷ್ಟು ಮಿಲಿಗ್ರಾಂ ಅಯೋಡಿನ್ ಹೀರುತ್ತದೆ ಎಂಬ ಅಂಕೆ) ಬರೆಯದ ಕಾರ್ಬನ್ ನಾನಂತೂ ಮುಟ್ಟುವುದಿಲ್ಲ. 900ಕ್ಕಿಂತ ಮೇಲಿರಲಿ.

ಕಾರ್ಬನ್ ಕಾಳುಗಳನ್ನು ಒಂದಿಡೀ ದಿನ ನೀರಲ್ಲಿ ನೆನೆಸಿ. ಒಣ ಕಾರ್ಬನ್‌ನ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಆಮೇಲೆ ಕಾಲಂನಲ್ಲಿ (ಕಾರ್ಬನ್ ತುಂಬುವ ನೆಟ್ಟನೆಯ ಕೊಳವೆ) ಮೊದಲು ಅರ್ಧ ನೀರು ತುಂಬಿಕೊಂಡು, ನೆನೆದ ಕಾರ್ಬನ್ ಅದರೊಳಗೆ ಇಳಿಸಿ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಕಪ್ಪು ಧೂಳು ಪೂರ್ತಿ ಹೋಗುವವರೆಗೆ ತೊಳೆಯಿರಿ.

ಈಗ ಹರಿವು. ಕಾರ್ಬನ್ ಎಷ್ಟು ಲೀಟರ್ ಜಾಗ ಹಿಡಿದಿದೆಯೋ ಅದನ್ನು ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತದೆಯೋ ಅದರಿಂದ ಭಾಗಿಸಿ. 12 ಲೀಟರ್ ಕಾರ್ಬನ್, ನಿಮಿಷಕ್ಕೆ 1 ಲೀಟರ್ ಹರಿವು ಎಂದರೆ 12 ನಿಮಿಷ. ಇದು 10ಕ್ಕಿಂತ ಕೆಳಗೆ ಇಳಿಯಬಾರದು, 20 ಇದ್ದರೆ ನೆಮ್ಮದಿ. ನಲ್ಲಿಗೆ ಸಿಕ್ಕಿಸುವ ಅಂಗೈಯಷ್ಟು ಫಿಲ್ಟರ್‌ಗಳಲ್ಲಿ ನೀರು ನಿಲ್ಲುವುದು ಕೆಲವೇ ಸೆಕೆಂಡು. ಅವುಗಳಲ್ಲಿ ಬಹಳಷ್ಟು ಕ್ಲೋರಿನ್ ವಾಸನೆ ತೆಗೆಯಲು ಮಾಡಿದವು.

ಒಂದೇ ಕಾಲಂ ಬೇಡ, ಎರಡನ್ನು ಸಾಲಾಗಿ ಜೋಡಿಸಿ. ಮಧ್ಯದಲ್ಲಿ ಸ್ಯಾಂಪಲ್ ತೆಗೆಯಲು ನಲ್ಲಿ ಇರಲಿ. ಅಲ್ಲಿ ಔಷಧಿ ಕಂಡ ದಿನ ಮೊದಲ ಕಾಲಂ ತುಂಬಿದೆ ಎಂದರ್ಥ. ಎರಡನೆಯದನ್ನು ಮುಂದಕ್ಕೆ ತಂದು, ಹಿಂದೆ ಹೊಸದು ಹಾಕಿ.

5. ವಿಷತ್ವದ ಪರೀಕ್ಷೆ

ಇಲ್ಲಿ ನಿಧಾನ ಮಾಡಿ. ಡಾಫ್ನಿಯಾ ಮ್ಯಾಗ್ನಾ ಎಂಬ ಸಣ್ಣ ನೀರುಜೀವಿಯ ಮೇಲೆ ಮಾಡುವ 48 ಗಂಟೆಗಳ ಪರೀಕ್ಷೆಗೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 202ನೇ ಮಾರ್ಗಸೂಚಿ ಇದೆ. ಹುಟ್ಟಿ 24 ಗಂಟೆ ತುಂಬದ ಮರಿಗಳು ಬೇಕು. ನೀರು ಬೆರೆಸಿದ ಒಂದೊಂದು ಮಟ್ಟಕ್ಕೂ 20 ಮರಿ, ಐದೈದರಂತೆ ನಾಲ್ಕು ಗಾಜಿನ ಪಾತ್ರೆಗಳಲ್ಲಿ. ಒಂದು ಮರಿಗೆ ಕಡಿಮೆಯೆಂದರೆ 2 ಮಿಲಿಲೀಟರ್ ನೀರು. ಶಾಖ 18ರಿಂದ 22 ಡಿಗ್ರಿ ಒಳಗೆ. ಆಹಾರ ಹಾಕುವಂತಿಲ್ಲ. ನೀರನ್ನು 100, 50, 25, 12.5, 6.25 ಶೇಕಡಾ ಹೀಗೆ ಒಳ್ಳೆಯ ನೀರು ಬೆರೆಸಿ ಅರ್ಧರ್ಧ ತೆಳು ಮಾಡಿಕೊಳ್ಳಿ. ಪಾತ್ರೆಯನ್ನು ಮೆಲ್ಲಗೆ ಅಲುಗಾಡಿಸಿ. 15 ಸೆಕೆಂಡಿನಲ್ಲಿ ಈಜದ ಮರಿಯನ್ನು ‘ನಿಶ್ಚಲ’ ಎಂದು ಎಣಿಸಿ.

ಶುದ್ಧ ಮಾಡಿದ ನೀರಿನ ಜೊತೆಗೆ ಶುದ್ಧ ಮಾಡದ ನೀರನ್ನೂ ಅದೇ ದಿನ, ಅದೇ ಗುಂಪಿನ ಮರಿಗಳ ಮೇಲೆ ಪರೀಕ್ಷಿಸಿ. ಬೇರೆ ಬೇರೆ ವಾರದ ಅಂಕೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಮರಿಗಳು ಸತ್ತವು ಅಂದ ಮಾತ್ರಕ್ಕೆ ಕೀಟನಾಶಕವೇ ಕೊಂದಿತು ಎನ್ನುವಂತಿಲ್ಲ. ಅನುಮಾನ ಪಡಬೇಕಾದವು ಬೇರೆಯೂ ಇವೆ. ಕ್ಲೋರಿನ್ ಉಳಿದಿದ್ದರೆ ಅದೇ ಕೊಲ್ಲುತ್ತದೆ, ಸೋಡಿಯಂ ಥಯೋಸಲ್ಫೇಟ್ ಹಾಕಿ ತೆಗೆಯಿರಿ. ಪೆರಾಕ್ಸೈಡ್ ಉಳಿದಿದ್ದರೆ ಕೆಟಲೇಸ್ ಕಿಣ್ವ ಹಾಕಿ. ಹೊಸ ಕಾರ್ಬನ್‌ನಿಂದ ಬರುವ ಮೊದಲ ನೀರಿನ ಪಿಎಚ್ ಏರಿರುತ್ತದೆ, 6ರಿಂದ 9ರ ಒಳಗಿದೆಯಾ ನೋಡಿ. ಆರ್‌ಒ ನೀರಿನಲ್ಲಿ ಖನಿಜವೇ ಇರುವುದಿಲ್ಲ. ಲವಣ ಸೇರಿಸದೆ ಬಿಟ್ಟರೆ ಮರಿಗಳು ಅದರಿಂದಲೇ ಸೋಲುತ್ತವೆ. ಕೊನೆಯಲ್ಲಿ ನೀರಿನ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂಗಿಂತ ಕಡಿಮೆಯಾಗಿದ್ದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಆದ್ದರಿಂದ ಕಂಟ್ರೋಲ್, ಅಂದರೆ ಹೋಲಿಸಿ ನೋಡಲು ಸ್ಯಾಂಪಲ್ ಇಲ್ಲದ ಪಾತ್ರೆ, ಎರಡು ಬಗೆಯದು ಇಡಿ. ಒಂದರಲ್ಲಿ ಬರೀ ಒಳ್ಳೆಯ ನೀರು. ಇನ್ನೊಂದರಲ್ಲಿ ಅದೇ ನೀರು, ಜೊತೆಗೆ ನೀವು ಸ್ಯಾಂಪಲ್‌ಗೆ ಹಾಕಿದಷ್ಟೇ ಥಯೋಸಲ್ಫೇಟ್ ಅಥವಾ ಕೆಟಲೇಸ್. ಈ ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಇಲ್ಲದಿದ್ದರೆ ಕೊಂದದ್ದು ಯಾವುದು ಎಂದು ಯಾವತ್ತೂ ತಿಳಿಯುವುದಿಲ್ಲ. ಕಂಟ್ರೋಲ್‌ನಲ್ಲಿ ಶೇ 10ಕ್ಕಿಂತ ಹೆಚ್ಚು ಮರಿಗಳು ನಿಶ್ಚಲವಾದರೆ ಇಡೀ ಪರೀಕ್ಷೆ ಮತ್ತೆ ಮಾಡಿ. ‘ಈ ಸಲ ಅಡ್ಜಸ್ಟ್ ಮಾಡಿಕೊಳ್ಳೋಣ’ ಅನ್ನಬೇಡಿ. ಮರಿಗಳ ಆರೋಗ್ಯ ನೋಡಲು ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟ್ ಪರೀಕ್ಷೆ ಮಾಡಿ. 24 ಗಂಟೆಯಲ್ಲಿ ಅರ್ಧ ಮರಿಗಳನ್ನು ನಿಲ್ಲಿಸುವ ಮಟ್ಟ ಲೀಟರಿಗೆ 0.6ರಿಂದ 2.1 ಮಿಲಿಗ್ರಾಂ ನಡುವೆ ಬರಬೇಕು.

ಲೆಕ್ಕ ಸುಲಭ. ಅರ್ಧ ಮರಿಗಳು ನಿಂತ ಮಟ್ಟದಿಂದ 100ನ್ನು ಭಾಗಿಸಿ. ಶೇ 12.5 ಬಂದರೆ 8 ವಿಷ ಘಟಕ, ಶೇ 50 ಬಂದರೆ 2. ಶುದ್ಧ ಮಾಡುವ ಮೊದಲಿಗಿಂತ ಆಮೇಲಿನದು ಹೆಚ್ಚು ಬಂತು ಅಂದರೆ ನೀವು ಔಷಧಿಯನ್ನು ಒಡೆದಿದ್ದೀರಿ, ವಿಷವನ್ನು ತೆಗೆದಿಲ್ಲ.

ಡಾಫ್ನಿಯಾ ಒಂದನ್ನೇ ನಂಬಿ ಕೂರಬೇಡಿ. ಅಟ್ರಜಿನ್‌ನಂಥ ಕಳೆನಾಶಕ ಹೊಡೆಯುವುದು ಹಸಿರು ಜೀವಿಗಳನ್ನು. ಅದಕ್ಕೆ 72 ಗಂಟೆಗಳ ಪಾಚಿ ಪರೀಕ್ಷೆ ಬೇಕು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಇದ್ದರೆ ಡಾಫ್ನಿಯಾ ಮ್ಯಾಗ್ನಾ ಆರಾಮಾಗಿ ಈಜುತ್ತಿರುತ್ತದೆ, ಆದರೆ ಅದೇ ನೀರು ಕೈರೊನೊಮಸ್ ಎಂಬ ಸೊಳ್ಳೆಯಂಥ ಕೀಟದ ಲಾರ್ವಾಗಳನ್ನು ಕೊಲ್ಲಬಲ್ಲದು. ಯಾವ ಔಷಧಿಯೋ ಅದಕ್ಕೆ ತಕ್ಕ ಜೀವಿ. ಮೊದಲ ಹಂತದಲ್ಲಿ ಹೆಸರು ತಿಳಿಯಿರಿ ಎಂದದ್ದು ಇದಕ್ಕೂ ಸೇರಿಯೇ.

ಎಲ್ಲ ಮರಿಗಳೂ ಚೆನ್ನಾಗಿದ್ದವು ಅಂದರೆ ವರದಿಯಲ್ಲಿ ‘ವಿಷವಿಲ್ಲ’ ಎಂದು ಬರೆಯಬೇಡಿ. ‘48 ಗಂಟೆಯಲ್ಲಿ ಡಾಫ್ನಿಯಾಗೆ ತಕ್ಷಣದ ವಿಷತ್ವ ಕಂಡಿಲ್ಲ’ ಎಂದಷ್ಟೇ ಬರೆಯಿರಿ. ಸಂತಾನದ ಮೇಲಿನ ಪರಿಣಾಮ ನೋಡಲು 21 ದಿನಗಳ ಬೇರೆ ಪರೀಕ್ಷೆಯೇ ಇದೆ. ಮನುಷ್ಯರು ಕುಡಿಯಬಹುದೇ ಎಂಬುದನ್ನು ಇವು ಯಾವುವೂ ಹೇಳುವುದಿಲ್ಲ. ಅದಕ್ಕೆ ಕುಡಿಯುವ ನೀರಿನ ಮಾನದಂಡಗಳ ಪ್ರಕಾರ ರಾಸಾಯನಿಕ ಪರೀಕ್ಷೆಯೇ ಆಗಬೇಕು.

6. ತುಂಬಿದ ಕಾರ್ಬನ್

ತೆಗೆದ ಕೀಟನಾಶಕವೆಲ್ಲ ಈಗ ಅದರಲ್ಲಿದೆ. ಗಿಡದ ಬುಡಕ್ಕೆ ಸುರಿಯಬೇಡಿ, ಒಲೆಯಲ್ಲಿ ಸುಡಬೇಡಿ. ಶುದ್ಧ ನೀರು ಹರಿಸಿ ‘ತೊಳೆದು’ ಮತ್ತೆ ಬಳಸಲೂ ಬೇಡಿ, ಅಂಟಿದ್ದು ಬಿಟ್ಟುಕೊಂಡು ನೀರಿಗೇ ವಾಪಸ್ ಬರುತ್ತದೆ. ಮುಚ್ಚಳವಿರುವ ಡ್ರಮ್‌ನಲ್ಲಿ ತುಂಬಿ, ಒಳಗೆ ಯಾವ ಔಷಧಿ ಇದೆ ಎಂದು ಮೇಲೆ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ.