ಓವರ್‌ಕ್ಲಾಕ್ ಮಾಡುವ ಮುನ್ನ ಸೆಕೆಯ ಲೆಕ್ಕ ಹಾಕಿ

ಮಂಗಳೂರು, ಉಡುಪಿ ಕಡೆ ಕಂಪ್ಯೂಟರಿನ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು, ಅಂದರೆ ಕಂಪನಿ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಲು ಹೊರಟವರು ಮೊದಲು ಕೋಣೆಯ ಉಷ್ಣತೆ ಅಳೆಯಿರಿ. ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಬದಿಯಲ್ಲೇ ಥರ್ಮಾಮೀಟರ್ ಇಡಿ. ಎಷ್ಟೇ ದುಬಾರಿ ಏರ್ ಕೂಲರ್ ಹಾಕಿದರೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾಗದು. ಎಸಿ ಹಾಕಿದ 24 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಪ್ರೊಸೆಸರ್, ಮೇ ತಿಂಗಳ ಮಧ್ಯಾಹ್ನ 34 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ 80 ತೋರಿಸುತ್ತದೆ. ಗಾಳಿಯ ತೇವ ಮಾತ್ರ ಇಲ್ಲಿ ಲೆಕ್ಕಕ್ಕಿಲ್ಲ. ಬೆವರುವವರು ನಾವು, ಚಿಪ್ ಅಲ್ಲ.

ಇಂಟೆಲ್ ಆದರೆ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್, ಜೊತೆಗೆ ಝಡ್ ಸರಣಿಯ ಮದರ್‌ಬೋರ್ಡ್ ಬೇಕು. ಎಎಂಡಿ ರೈಝೆನ್‌ಗಳಲ್ಲಿ ಬಹುಪಾಲಿಗೆ ವೇಗ ಏರಿಸದಂತೆ ತಡೆಯುವ ಬೀಗವಿಲ್ಲ, ಬಿ ಸರಣಿಯ ಬೋರ್ಡೂ ಸಾಕು. ಲ್ಯಾಪ್‌ಟಾಪಿನವರು ಈ ಉಸಾಬರಿಗೆ ಹೋಗಬೇಡಿ.

ಏನನ್ನೂ ಬದಲಿಸುವ ಮೊದಲು ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನಿಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಯಂತ್ರದ ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋದಲ್ಲಿ ಕಾಣುವ ಉಷ್ಣತೆ, ವಾಟ್, ವೋಲ್ಟೇಜ್ ಮೂರನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಬಯಾಸ್‌ಗೆ, ಅಂದರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ ಹೋಗಿ. ಅಲ್ಲಿ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) 40 ಇದ್ದರೆ, 100 ಮೆಗಾಹರ್ಟ್ಸ್‌ನಿಂದ ಗುಣಿಸಿ 4 ಗಿಗಾಹರ್ಟ್ಸ್ ವೇಗ. ಒಂದೊಂದೇ ಅಂಕಿ ಏರಿಸಿ, ಪ್ರತಿ ಸಲವೂ ಅದೇ ಪರೀಕ್ಷೆ ಮಾಡಿ. ವೋಲ್ಟೇಜನ್ನು ‘ಆಟೋ’ದಲ್ಲಿ ಬಿಡಬೇಡಿ. ಎಷ್ಟೋ ಬೋರ್ಡುಗಳು ನಿಮ್ಮನ್ನು ಕೇಳದೆಯೇ ಅದನ್ನು ಏರಿಸಿಬಿಡುತ್ತವೆ.

ಬಿಸಿಯ ಗುಟ್ಟು ಇರುವುದು ಈ ವೋಲ್ಟೇಜಿನಲ್ಲೇ. ಟ್ರಾನ್ಸಿಸ್ಟರ್‌ಗಳು ಆನ್-ಆಫ್ ಆಗುವಾಗ ಹೊಮ್ಮುವ ಬಿಸಿ ವೇಗ ಏರಿದಷ್ಟೇ ಏರುತ್ತದೆ. ವೋಲ್ಟೇಜ್ ಏರಿದರೋ, ಬಿಸಿ ವೋಲ್ಟೇಜಿನ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಏರುತ್ತದೆ. 100 ವಾಟ್ ಬಿಸಿ ಕಾರುವ ಪ್ರೊಸೆಸರಿನ ವೇಗವನ್ನು 4ರಿಂದ 4.4 ಗಿಗಾಹರ್ಟ್ಸ್‌ಗೆ ಏರಿಸಿದಿರಿ ಎನ್ನಿ: ಸುಮಾರು 110 ವಾಟ್. ಆ ವೇಗದಲ್ಲಿ ಹ್ಯಾಂಗ್ ಆಗುತ್ತದೆಂದು ವೋಲ್ಟೇಜನ್ನೂ 1.20ರಿಂದ 1.32ಕ್ಕೆ ತಂದರೆ 133 ವಾಟ್. ವೇಗ ಶೇ. 10 ಹೆಚ್ಚಿತು, ಬಿಸಿ ಶೇ. 33! ಸಾಲದ್ದಕ್ಕೆ, ಚಿಪ್ ಬಿಸಿಯಾದಷ್ಟೂ ಒಳಗೆ ಸೋರುವ ಕರೆಂಟೂ ಹೆಚ್ಚುತ್ತದೆ. ಕೂಲರ್ ಪ್ರತಿ 10 ವಾಟ್‌ಗೆ 4 ಡಿಗ್ರಿ ಏರಲು ಬಿಡುವಂಥದ್ದಾದರೆ, 133 ವಾಟ್‌ಗೆ ಚಿಪ್ ಕೋಣೆಗಿಂತ 53 ಡಿಗ್ರಿ ಮೇಲಿರುತ್ತದೆ. ಎಸಿ ಕೋಣೆಯಲ್ಲಿ 77, ಮೇ ತಿಂಗಳಲ್ಲಿ 87.

ರೈಝೆನ್ 7000 ಸರಣಿಗೆ ಮಿತಿ ಸಾಮಾನ್ಯವಾಗಿ 95 ಡಿಗ್ರಿ, ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಚಿಪ್‌ಗಳಿಗೆ 100. ಅಲ್ಲಿಗೆ ತಲುಪಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಜುಲೈ ಮಳೆಯಲ್ಲಿ 27 ಡಿಗ್ರಿಯಿದ್ದಾಗ ಸೆಟ್ ಮಾಡುವವರು ಬಂದ ಅಂಕಿಗೆ 7 ಡಿಗ್ರಿ ಕೂಡಿಸಿ ನೋಡಿ; 85 ದಾಟಿದರೆ ಮಲ್ಟಿಪ್ಲೈಯರ್ ಒಂದು ಇಳಿಸಿ.

ಐಸ್ ಇಟ್ಟು ತಣಿಸುವ ಪ್ರಯೋಗ ಕರಾವಳಿಯಲ್ಲಿ ಬೇಡವೇ ಬೇಡ. ಇಲ್ಲಿನ ತೇವದ ಗಾಳಿಯಲ್ಲಿ 20 ಡಿಗ್ರಿಯ ಲೋಹದ ಮೇಲೂ ನೀರು ಕೂರುತ್ತದೆ, ಬೋರ್ಡ್ ಶಾರ್ಟ್ ಆಗಬಹುದು. ಬದಲಿಗೆ ಚಿಪ್ಪಿನ ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕಿನ ಧೂಳು ತೆಗೆಯಿರಿ, ಚಿಪ್ ಮತ್ತು ಹೀಟ್ ಸಿಂಕಿನ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚಿ.

ಕಂಪ್ಯೂಟರ್ ಆನ್ ಆಗುವುದೇ ನಿಂತರೆ ಗಾಬರಿ ಬೇಡ. ಪವರ್ ಕೇಬಲ್ ಕಿತ್ತು, ಬೋರ್ಡಿನ ಮೇಲಿನ ದುಂಡು ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಸಾಮಾನ್ಯವಾಗಿ ಬಯಾಸ್ ಹಳೆಯ ಸ್ಥಿತಿಗೆ ಮರಳುತ್ತದೆ.

ದಿನವೂ ಆಫೀಸ್ ಕೆಲಸ ಮಾಡುವ ಯಂತ್ರಕ್ಕಾದರೆ ನಾನು ಉಲ್ಟಾ ದಾರಿಯನ್ನೇ ಹೇಳುವೆ: ವೇಗ ಇದ್ದಲ್ಲೇ ಇರಲಿ, ವೋಲ್ಟೇಜ್ 1.20ರಿಂದ 1.14ಕ್ಕೆ ಇಳಿಸಿ ನೋಡಿ. ಪರೀಕ್ಷೆಯಲ್ಲಿ ಹ್ಯಾಂಗ್ ಆಗದಿದ್ದರೆ, 100 ವಾಟ್ ಇದ್ದದ್ದು 90ರ ಆಸುಪಾಸಿಗೆ ಬರುತ್ತದೆ, ಫ್ಯಾನಿನ ಸದ್ದೂ ತಗ್ಗುತ್ತದೆ.