ಅರ್ಧ ಕೆಲಸ ಬಿಟ್ಟು ಏಳಬೇಕಾದಾಗ

ತೀರ್ಥಹಳ್ಳಿ ಹತ್ತಿರದ ಮನೆಯಿಂದಲೇ ನನ್ನ ಸಾಫ್ಟ್‌ವೇರ್ ಕೆಲಸ. ಕೋಡ್‌ನ ಬದಲಾವಣೆಗಳ ಲೆಕ್ಕ ಇಡಲು ಗಿಟ್ ಎಂಬ ಸಾಧನ ಬಳಸುತ್ತೇನೆ. ಒಂದು ಜುಲೈ ಮಧ್ಯಾಹ್ನ, ಹೊರಗೆ ಜಡಿಮಳೆ. ಬೆಳಿಗ್ಗೆ ಹೋದ ಕರೆಂಟ್ ಬಂದಿರಲಿಲ್ಲ, ಯುಪಿಎಸ್ ಮೇಲೆ ನಡೀತಿತ್ತು. ಬಿಲ್ಲಿಂಗ್ ಕೋಡ್ ಅರ್ಧ ಬದಲಾಯಿಸಿದ್ದೆ. ಅಷ್ಟರಲ್ಲಿ ಬೆಂಗಳೂರಿನಿಂದ ಫೋನ್: “ಲೈವ್‌ನಲ್ಲಿ ರಸೀದಿ ಬರ್ತಿಲ್ಲ, ಈಗಲೇ ನೋಡ್ತೀರಾ?”

ಅರ್ಧ ಕೆಲಸವನ್ನು ಸದ್ಯಕ್ಕೆ ಪಕ್ಕಕ್ಕೆ ಎತ್ತಿಡುವ ‘ಗಿಟ್ ಸ್ಟ್ಯಾಶ್’ ಹೊಡೆದು ಮೇನ್ ಬ್ರಾಂಚಿಗೆ, ಅಂದರೆ ಕೋಡ್‌ನ ಮುಖ್ಯ ಕವಲಿಗೆ, ಹೋದೆ. ತಪ್ಪು ಸರಿಮಾಡಿ ‘ಗಿಟ್ ಆ್ಯಡ್ ಡಾಟ್’ (ಫೋಲ್ಡರಿನ ಎಲ್ಲ ಬದಲಾವಣೆ ಸೇರಿಸು), ಕಮಿಟ್ (ದಾಖಲಿಸು), ಪುಶ್ (ಸರ್ವರಿಗೆ ಕಳಿಸು). ಸಂಜೆ ನೋಡಿದರೆ ನನ್ನ ಅರ್ಧಂಬರ್ಧ ಹೊಸ ಫೈಲೊಂದು ಅದೇ ಕಮಿಟ್‌ನಲ್ಲಿ ಸೇರಿಹೋಗಿತ್ತು.

ಆಮೇಲೆ ಕಾರಣ ಗೊತ್ತಾಯಿತು. ಸುಮ್ನೆ ಸ್ಟ್ಯಾಶ್ ಅಂದರೆ, ಗಿಟ್‌ಗೆ ಮೊದಲೇ ಪರಿಚಯವಿರುವ ಫೈಲುಗಳ ಬದಲಾವಣೆ ಮಾತ್ರ ಎತ್ತಿಡುತ್ತದೆ. ಒಮ್ಮೆಯೂ ಆ್ಯಡ್ ಮಾಡದ ಹೊಸ ಫೈಲು ಫೋಲ್ಡರಿನಲ್ಲೇ ಉಳಿಯುತ್ತದೆ, ಯಾವ ಬ್ರಾಂಚಿಗೆ ಹೋದರೂ ಜೊತೆಗೇ ಬರುತ್ತದೆ. ಅದನ್ನೂ ಎತ್ತಿಡಲು ‘ಹೈಫನ್ ಯು’ ಸೇರಿಸಬೇಕು. ಈಗ ‘ಗಿಟ್ ಸ್ಟ್ಯಾಶ್ ಪುಶ್ ಹೈಫನ್ ಯು’ ಬೆರಳಿಗೆ ಅಂಟಿಬಿಟ್ಟಿದೆ. ಕಮಿಟ್‌ಗೆ ಮುಂಚೆ, ಏನೇನು ಸೇರಲಿದೆ ಅಂತ ತೋರಿಸುವ ‘ಗಿಟ್ ಸ್ಟೇಟಸ್’ ನೋಡದೆ ಮುಂದೆ ಹೋಗುವುದಿಲ್ಲ.

ಜೊತೆಗೆ ‘ಹೈಫನ್ ಎಮ್’ ಹಾಕಿ ಒಂದು ಸಾಲು ಬರೆಯುತ್ತೇನೆ: “ರಿಯಾಯಿತಿ ಲೆಕ್ಕ ಮುಗಿದಿದೆ, ತೆರಿಗೆ ಬಾಕಿ.” ಈ ಸಾಲಿಲ್ಲದಿದ್ದರೆ ಸ್ಟ್ಯಾಶ್‌ಗಳ ಪಟ್ಟಿಯಲ್ಲಿ ಬ್ರಾಂಚಿನ ಹೆಸರು, ಕೊನೆಯ ಕಮಿಟ್‌ನ ಸಾಲು ಇಷ್ಟೇ ಕಾಣುತ್ತದೆ. ಒಂದೇ ಕಡೆ ಮೂರು ಸ್ಟ್ಯಾಶ್ ಇದ್ದರೆ ಯಾವುದು ಯಾವುದೋ ತಿಳಿಯುವುದಿಲ್ಲ, ಅಲ್ವಾ?

ವಾಪಸ್ ತರಲು ‘ಪಾಪ್’. ಅದು ತಂದುಕೊಟ್ಟು ಪಟ್ಟಿಯಿಂದ ತೆಗೆದುಹಾಕುತ್ತದೆ. ಕಾನ್‌ಫ್ಲಿಕ್ಟ್ ಬಂದರೆ (ಎರಡು ಬದಲಾವಣೆ ಒಂದೇ ಜಾಗದಲ್ಲಿ ತಿಕ್ಕಾಡಿದರೆ) ಮಾತ್ರ ಪಟ್ಟಿಯಲ್ಲೇ ಉಳಿಸುತ್ತದೆ; ಸರಿಮಾಡಿದ ಮೇಲೆ ನಾವೇ ‘ಡ್ರಾಪ್’ ಮಾಡಬೇಕು. ಹಾಗೆ ಮಾಡುವಾಗ ಒಮ್ಮೆ ಬೇರೆಯದನ್ನೇ ಡ್ರಾಪ್ ಮಾಡಿಬಿಟ್ಟೆ. ಎದೆ ಧಸಕ್ಕೆಂದಿತು. ಆದರೆ ಡ್ರಾಪ್ ಮಾಡಿದ ಸ್ಟ್ಯಾಶ್‌ನ ಉದ್ದದ ಹ್ಯಾಶ್ ಸಂಖ್ಯೆ (ಗಿಟ್ ಕೊಡುವ ಗುರುತು), ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಇನ್ನೂ ಕಾಣುತ್ತಿತ್ತು. ‘ಗಿಟ್ ಸ್ಟ್ಯಾಶ್ ಅಪ್ಲೈ’ ಮುಂದೆ ಅದನ್ನು ಹಾಕಿದೆ, ಎಲ್ಲ ಮರಳಿತು. ಟರ್ಮಿನಲ್ ಮುಚ್ಚಿಹೋಗಿದ್ದರೆ ‘ಗಿಟ್ ಎಫ್‌ಎಸ್‌ಸಿಕೆ’ಯಿಂದ ಹುಡುಕಬಹುದು. ತಡ ಮಾಡಬಾರದು ಅಷ್ಟೇ. ಯಾವುದಕ್ಕೂ ಸೇರದೆ ಉಳಿದದ್ದನ್ನು ಗಿಟ್ ಮುಂದೊಂದು ದಿನ ಗುಡಿಸಿಹಾಕುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ. ಸ್ಟ್ಯಾಶ್ ಇರುವುದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಸಾಮಾನ್ಯ ಪುಶ್ ಮಾಡಿದರೆ ಅದು ಸರ್ವರಿಗೆ ಹೋಗುವುದಿಲ್ಲ. ನಮ್ಮ ಕಡೆಯ ಸಿಡಿಲಿಗೆ ಲ್ಯಾಪ್‌ಟಾಪ್ ಸುಟ್ಟರೆ ಅದೂ ಹೋಯಿತು. ಅದಕ್ಕೇ ಒಂದೆರಡು ಗಂಟೆಯ ಮಾತಾದರೆ ಸ್ಟ್ಯಾಶ್. ರಾತ್ರಿ ದಾಟಬೇಕಾದರೆ ನನ್ನದೇ ಬ್ರಾಂಚಿನಲ್ಲಿ “ಅರ್ಧ ಕೆಲಸ” ಅಂತ ಕಮಿಟ್ ಮಾಡಿ, ನೆಟ್‌ವರ್ಕ್ ಇರುವಾಗಲೇ ಪುಶ್ ಮಾಡಿ ಮಲಗುತ್ತೇನೆ. ಬೆಳಿಗ್ಗೆ ಅಲ್ಲಿಂದಲೇ ಮುಂದುವರಿಸುತ್ತೇನೆ.