ಕಾರಿನ ಕ್ಯಾರಿಯರ್ ಗುಂಯ್‌ಗುಡುತ್ತಿದ್ದರೆ ಹಗ್ಗ ಸುತ್ತಿ
ಹೈವೇಗೆ ಹತ್ತಿದ ಕೂಡಲೇ ರೂಫ್ ಕ್ಯಾರಿಯರ್ "ಗುಂಯ್" ಅಂತ ಒಂದೇ ಸ್ವರದಲ್ಲಿ ಕೂಗುತ್ತಿದ್ದರೆ, ಅದರ ದುಂಡನೆಯ ಅಡ್ಡ ಪೈಪುಗಳಿಗೆ 3-4 ಮಿ.ಮೀ. ದಪ್ಪದ ನೈಲಾನ್ ಹಗ್ಗವನ್ನು ಬಳ್ಳಿ ಹಬ್ಬಿದ ಹಾಗೆ ಓರೆಯಾಗಿ ಸುತ್ತಿ. 25 ಮಿ.ಮೀ. ಪೈಪಿಗೆ ಸುತ್ತಿನಿಂದ ಸುತ್ತಿಗೆ ಸುಮಾರು 12 ಸೆಂ.ಮೀ. ಅಂತರವಿರಲಿ. ದುಂಡು ಪೈಪಿನ ಹಿಂದೆ ಗಾಳಿ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸುಳಿಯಾಗಿ ಕಳಚಿಕೊಳ್ಳುತ್ತದೆ. 90 ಕಿ.ಮೀ. ವೇಗದಲ್ಲಿ ಇದು ಸೆಕೆಂಡಿಗೆ ಹೆಚ್ಚುಕಡಿಮೆ 200 ಸಲ ಆಗುವುದರಿಂದ ಸ್ವರವಾಗಿ ಕೇಳಿಸುತ್ತದೆ. ಓರೆ ಹಗ್ಗ ಇದ್ದರೆ ಪೈಪಿನ ಉದ್ದಕ್ಕೂ ಸುಳಿಗಳು ಒಂದೇ ತಾಳದಲ್ಲಿ ಏಳುವುದಿಲ್ಲ, ಸ್ವರ ಒಡೆದುಹೋಗುತ್ತದೆ. ಆಂಟೆನಾ ಕಡ್ಡಿಯ ಮೇಲೆ, ಕಾರ್ಖಾನೆಯ ಎತ್ತರದ ಚಿಮಣಿಯ ತುದಿಯಲ್ಲಿ ಕಾಣುವ ಸುರುಳಿ ಪಟ್ಟಿಯೂ ಇದೇ ತತ್ವದ್ದು. ಹಗ್ಗವನ್ನು ಒತ್ತೊತ್ತಾಗಿ ಸುತ್ತಬೇಡಿ, ಪೈಪ್ ದಪ್ಪಗಾಗುತ್ತದೆ ಅಷ್ಟೇ, ಕೂಗು ನಿಲ್ಲುವುದಿಲ್ಲ. ಎರಡೂ ತುದಿಗಳನ್ನು ಕೇಬಲ್ ಟೈಯಿಂದ ಬಿಗಿದು ಉಳಿದದ್ದನ್ನು ಕತ್ತರಿಸಿ, ಇಲ್ಲದಿದ್ದರೆ ಬಾಲ ಟಪಟಪ ಹೊಡೆದು ಪೇಂಟ್ ಕೆಡಿಸುತ್ತದೆ. ಈ ಉಪಾಯ ನಡೆಯದ ಸಂದರ್ಭಗಳೂ ಇವೆ: ಪೈಪಿನ ಬಾಯಿ ತೆರೆದಿದ್ದರೆ ಅದು ಕೊಳಲಿನಂತೆ ಊದುತ್ತದೆ, ಅದಕ್ಕೆ ರಬ್ಬರ್ ಮುಚ್ಚಳವೇ ಬೇಕು. ಕ್ಯಾರಿಯರ್ ಬಿಚ್ಚಿದ ಮೇಲೂ ಸದ್ದಿದ್ದರೆ ಬಾಗಿಲಿನ ಅಂಚಿನ ರಬ್ಬರ್ ಪಟ್ಟಿ (ಬೀಡಿಂಗ್) ನೋಡಿ. "ಭರ್ರ್" ಎನ್ನುವ ಸಾಮಾನ್ಯ ಗಾಳಿ ಸದ್ದು ಹಗ್ಗದಿಂದ ಹೋಗುವುದಿಲ್ಲ. ಲಗೇಜ್ ಇಲ್ಲದ ದಿನ ಕ್ಯಾರಿಯರ್ ಬಿಚ್ಚಿಟ್ಟರೆ ಡೀಸೆಲ್ ಕೂಡ ಉಳಿಯುತ್ತದೆ.